ಊಟವಿಲ್ಲದೆ ಇಂಜೆಕ್ಷನ್ ತೆಗೆದುಕೊಳ್ಳಬಾರದು

ನಗರ ಕಲ್ಯಾಣ ವಿಭಾಗದ ಆಯುಕ್ತರಿಗೆ,

ಮಾನ್ಯರೇ ಎಂದು ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು. ಆದರೂ ರೂಢಿ ಬಿಡಬಾರದಲ್ಲ, ಮಾನ್ಯರೇ. ನೀವು ಅನುದಾನ ನಿಲ್ಲಿಸಿ ಬೀಗ ಹಾಕಿಸಿದ ತಂಗುದಾಣದಲ್ಲಿದ್ದ ಒಬ್ಬ ಹೆಂಗಸು ಹೋದ ತಿಂಗಳು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಾವಿಗೆ ಕಾರಣ ಸಕ್ಕರೆ ಕಾಯಿಲೆ ಎಂದು ವೈದ್ಯರು ಬರೆದರು. ಅದು ಸುಳ್ಳಲ್ಲ. ಆದರೆ ಆ ಕಾಯಿಲೆ ಅವರಿಗೆ ಎಷ್ಟೋ ವರ್ಷಗಳಿಂದ ಇತ್ತು. ಅದನ್ನು ಇಟ್ಟುಕೊಂಡೇ ಅವರು ದುಡಿದಿದ್ದರು, ನಕ್ಕಿದ್ದರು, ಕಂಡವರೊಡನೆ ಜಗಳವಾಡಿದ್ದರು. ಇಷ್ಟು ವರ್ಷ ಕೊಲ್ಲದ ಕಾಯಿಲೆ ಈಗ ಹೇಗೆ ಕೊಂದಿತು ಎಂದು ಬರೆಯುವುದಕ್ಕೆ ಆಸ್ಪತ್ರೆಯ ಕಾಗದದಲ್ಲಿ ಜಾಗ ಇರುವುದಿಲ್ಲ. ಹಾಗಾಗಿ ಪತ್ರಿಕೆಯವರನ್ನು ಕೇಳಿ ಇಲ್ಲಿ ಜಾಗ ಪಡೆದಿದ್ದೇನೆ. ಸಂಜೆಯ ಒಂದು ಊಟ, ಮಲಗಲು ಒಂದು ಹಾಸಿಗೆ, ಔಷಧ ಇಡಲು ಫ್ರಿಜ್ಜಿನಲ್ಲಿ ಅಂಗೈಯಗಲ ಜಾಗ. ಇಷ್ಟನ್ನು ನಿಮ್ಮ ವಿಭಾಗ ಅವರಿಂದ ಕಿತ್ತುಕೊಂಡಿತು. ಮಿಕ್ಕ ಕೆಲಸವನ್ನು ಕಾಯಿಲೆ ಮಾಡಿ ಮುಗಿಸಿತು.

ನಾನು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್. ರಜೆಯ ದಿನ ಆ ತಂಗುದಾಣಕ್ಕೆ ಹೋಗಿ ಅಲ್ಲಿದ್ದವರ ಗಾಯ ಕಟ್ಟಿ, ಬಿ.ಪಿ. ನೋಡಿ ಬರುತ್ತಿದ್ದೆ. ನೀವು ಆ ಕಟ್ಟಡವನ್ನು ಒಳಗಿನಿಂದ ನೋಡಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ಅದು ಹಿಂದೆ ಅಂಚೆ ವಿಂಗಡಿಸುವ ಕಟ್ಟಡವಾಗಿತ್ತು. ಒಂದು ಗೋಡೆಯುದ್ದಕ್ಕೂ ಕಾಗದ ಹಾಕುವ ಮರದ ಗೂಡುಗಳು ಹಾಗೇ ಉಳಿದಿದ್ದವು. ಅಲ್ಲಿ ತಂಗುವವರು ತಮ್ಮ ಬಾಚಣಿಗೆ, ಕನ್ನಡಕ, ಮಕ್ಕಳ ಫೋಟೋ, ಎರಡನೇ ಜೊತೆ ಬಟ್ಟೆ, ಎಲ್ಲವನ್ನೂ ಆ ಗೂಡುಗಳಲ್ಲಿ ಇಡುತ್ತಿದ್ದರು. ಎಲ್ಲರೂ ಅದನ್ನು ಅಂಚೆಮನೆ ಎಂದೇ ಕರೆಯುತ್ತಿದ್ದರು. ನಿಮ್ಮ ಬೋರ್ಡಿನ ಮೇಲಿದ್ದ ಉದ್ದನೆಯ ಹೆಸರನ್ನು ಪೂರ್ತಿ ಓದಿದವರನ್ನು ನಾನು ಕಾಣಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಬಸ್ಸು ಬಿಟ್ಟರೂ ಬಸ್ಸಿನ ಮಾತು ಅವರನ್ನು ಬಿಟ್ಟಿರಲಿಲ್ಲ. ಸಂಜೆ ಊಟಕ್ಕೆ ಜನ ಬಾಗಿಲಲ್ಲಿ ಒತ್ತಿ ನಿಂತರೆ "ಒಳಗೆ ಸರೀರಿ, ಒಳಗೆ ಜಾಗ ಇದೆ" ಎನ್ನುತ್ತಿದ್ದರು. ಒಳಗೆ ಜಾಗ ಇಲ್ಲದ ದಿನವೂ ಹಾಗೇ ಅನ್ನುತ್ತಿದ್ದರು, ಆಮೇಲೆ ಹೇಗೋ ಜಾಗ ಆಗುತ್ತಿತ್ತು. ಈ ವಿದ್ಯೆಯನ್ನು ನಿಮ್ಮ ವಿಭಾಗಕ್ಕೆ ಯಾರಾದರೂ ಹೇಳಿಕೊಡಬೇಕಿತ್ತು.

ತೀರಿಕೊಂಡ ಹೆಂಗಸನ್ನು ನಾವೆಲ್ಲ ಗುಂಡಿಯಕ್ಕ ಎನ್ನುತ್ತಿದ್ದೆವು. ಸಿದ್ಧ ಉಡುಪಿನ ಒಂದು ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವುದು ಅವರ ಜೀವಮಾನದ ಕೆಲಸವಾಗಿತ್ತು. ಕಾರ್ಖಾನೆಯ ಹಿಂದಿನ ಒಂದು ಕೋಣೆಯಲ್ಲೇ ಅವರ ವಾಸ. ಗುಂಡಿ ಹಾಕುವ ಯಂತ್ರ ಬಂದಾಗ ಕೆಲಸ ಹೋಯಿತು, ಕಟ್ಟಡ ಮಾರಾಟವಾದಾಗ ಕೋಣೆ ಹೋಯಿತು. ಮದುವೆಯಾಗಿರಲಿಲ್ಲ. ಬೇರೆ ಊರಿನಲ್ಲಿ ಒಬ್ಬ ತಮ್ಮನಿದ್ದ. ಅವನ ಮನೆಗೇಕೆ ಹೋಗಲಿಲ್ಲ ಎಂದು ಕೇಳಿದಾಗ, ಅವನ ಮನೆಯಲ್ಲಿ ಅವನಿಗೇ ಜಾಗ ಇಲ್ಲ, ಹೆಂಡತಿ ಕಣ್ಣು ಬಿಟ್ಟರೆ ಅವನೇ ಮೆಟ್ಟಿಲ ಮೇಲೆ ಕೂರುತ್ತಾನೆ ಎಂದು ನಕ್ಕಿದ್ದರು. ಎದುರಿಗೆ ಬಂದವರ ಮುಖ ನೋಡುವ ಮೊದಲು ಅಂಗಿಯ ಗುಂಡಿಗಳನ್ನು ನೋಡುವುದು ಅವರ ಚಾಳಿ. ಸಡಿಲವಾದ ಗುಂಡಿ ಕಂಡರೆ ಅವರಿಗೆ ಮಾತೇ ಮುಂದೆ ಹೋಗುತ್ತಿರಲಿಲ್ಲ. ನಾನು ಇಲ್ಲಿ ಅವರನ್ನು ಬಹುವಚನದಲ್ಲೇ ಕರೆಯುತ್ತಿರುವುದನ್ನು ನೀವು ಗಮನಿಸಿರಬಹುದು. ನಿಮ್ಮ ಕಡತಗಳಲ್ಲಿ ಅವರು "ಫಲಾನುಭವಿ". ಯಾವ ಫಲ, ಎಂಥ ಅನುಭವ ಎಂಬುದನ್ನು ಮುಂದೆ ಹೇಳುತ್ತೇನೆ.

ಅವರಿಗೆ ದಿನವೂ ಇನ್ಸುಲಿನ್ ಬೇಕಿತ್ತು. ಇನ್ಸುಲಿನ್ ಎಂದರೆ ಮಾತ್ರೆಯ ಹಾಗೆ ಜೇಬಿನಲ್ಲಿಟ್ಟುಕೊಂಡು ತಿರುಗುವ ವಸ್ತುವಲ್ಲ. ಅದನ್ನು ತಂಪಿನಲ್ಲಿ ಇಡಬೇಕು. ಅದಕ್ಕಿಂತ ಮುಖ್ಯವಾಗಿ, ಚುಚ್ಚಿಕೊಂಡ ಮೇಲೆ ಊಟ ಮಾಡಲೇಬೇಕು. ಮಾಡದಿದ್ದರೆ ರಕ್ತದ ಸಕ್ಕರೆ ಇಳಿದು, ಮೈ ಬೆವರಿ, ಕೈಕಾಲು ನಡುಗಿ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಅಂಚೆಮನೆಯ ಅಡುಗೆಕೋಣೆಯಲ್ಲಿ ಯಾರೋ ದಾನ ಕೊಟ್ಟ, ಬಾಗಿಲಿಗೆ ಹಗ್ಗ ಕಟ್ಟಿದ ಒಂದು ಹಳೆಯ ಫ್ರಿಜ್ಜು ಇತ್ತು. ಗುಂಡಿಯಕ್ಕ ತಮ್ಮ ಔಷಧಕ್ಕೆ ಒಂದು ಬಟ್ಟೆಯ ಚೀಲ ಹೊಲಿದು, ಅದಕ್ಕೆ ದೊಡ್ಡದೊಂದು ಕೋಟಿನ ಗುಂಡಿ ಹಾಕಿ, ಅದರಲ್ಲಿ ಇಡುತ್ತಿದ್ದರು. ಊಟದ ಪಾತ್ರೆ ಒಲೆಯಿಂದ ಇಳಿದ ಕೂಡಲೇ ಕಂಡಕ್ಟರು "ಇಂಜೆಕ್ಷನ್‌ನೋರು ಮೊದಲು" ಎಂದು ಕೂಗುತ್ತಿದ್ದರು. ಅಂಥವರು ಅಲ್ಲಿ ಹಲವರಿದ್ದರು. ಅವರೆಲ್ಲ ಮೊದಲು ಚುಚ್ಚಿಕೊಂಡು, ಮೊದಲ ತಟ್ಟೆಗಳನ್ನು ತೆಗೆದುಕೊಂಡು ಕೂರುತ್ತಿದ್ದರು. ಉಳಿದವರು ಕಾಯುತ್ತಿದ್ದರು, ಯಾರೂ ಗೊಣಗುತ್ತಿರಲಿಲ್ಲ. ಗುಂಡಿಯಕ್ಕನಿಗೆ ಮೊದಲ ದಿನ ನಾನೇ ಹೇಳಿಕೊಟ್ಟಿದ್ದೆ: "ಅಕ್ಕಾ, ಒಂದು ಮಾತು ಮನಸ್ಸಲ್ಲಿ ಇಟ್ಕೊಳ್ಳಿ. ಊಟ ಕಣ್ಣಿಗೆ ಕಂಡ ಮೇಲೇನೇ ಇಂಜೆಕ್ಷನ್. ಊಟ ಇಲ್ಲ ಅಂದ್ರೆ ಇಂಜೆಕ್ಷನ್ ಇಲ್ಲ." ಪಾಠ ಒಪ್ಪಿಸುವ ಮಗುವಿನ ಹಾಗೆ ಅವರು ಅದನ್ನು ತಿರುಗಿ ಹೇಳಿ ತೋರಿಸಿದ್ದರು.

ಹೀಗಿರುವಾಗ ನಿಮ್ಮ ವಿಭಾಗಕ್ಕೆ ತಪಾಸಣೆ ಮಾಡುವ ಮನಸ್ಸಾಯಿತು. ತಪಾಸಣೆ ಮಾಡಿದ್ದು ತಪ್ಪಲ್ಲ. ನಿಮ್ಮವರು ಮೂರು ಜನ ಬಂದರು, ಮಧ್ಯಾಹ್ನ ಬಂದರು. ಬೆಳಿಗ್ಗೆ ಎದ್ದವರು ಹಾಸಿಗೆ ಸುತ್ತಿಟ್ಟು ಹೊರಗೆ ಹೋಗಬೇಕು, ಸಂಜೆಯಾಗುವ ತನಕ ಒಳಗೆ ಬರಕೂಡದು ಎಂಬುದು ಯಾರ ನಿಯಮ? ನಿಮ್ಮದೇ. ಗೋಡೆಯ ಮೇಲೆ ನಿಮ್ಮ ಮೊಹರಿನೊಂದಿಗೆ ಅಂಟಿಸಿತ್ತು. ಆ ನಿಯಮವನ್ನು ಜನ ಪಾಲಿಸಿದ್ದರು. ನಿಮ್ಮವರು ಖಾಲಿ ಹಾಸಿಗೆಗಳನ್ನು ಕಂಡರು, ಖಾಲಿ ಹಾಸಿಗೆಗಳ ಫೋಟೋ ತೆಗೆದರು, "ಬಳಕೆ ಅತ್ಯಲ್ಪ" ಎಂದು ವರದಿ ಬರೆದರು. ಸಂಜೆ ಬಂದು ನೋಡಿ ಸ್ವಾಮಿ ಎಂದು ಕಂಡಕ್ಟರು ಬೇಡಿಕೊಂಡರಂತೆ. ಸಂಜೆ ಕಚೇರಿಯ ವೇಳೆ ಅಲ್ಲ ಎಂದರಂತೆ. ಶಾಲೆಗೆ ಬೇಸಿಗೆ ರಜೆಯಲ್ಲಿ ಹೋಗಿ, ಮಕ್ಕಳೇ ಇಲ್ಲ, ಶಾಲೆ ಮುಚ್ಚಿ ಎಂದು ಬರೆಯುವವರನ್ನು ಏನೆನ್ನಬೇಕು? ನಿಮ್ಮಲ್ಲಿ ಅವರಿಗೆ ಏನೆನ್ನುತ್ತಾರೋ ಗೊತ್ತಿಲ್ಲ. ಬಡ್ತಿ ಕೊಡುತ್ತಾರೆ ಎಂದು ಮಾತ್ರ ಕೇಳಿದ್ದೇನೆ.

ವರದಿಯ ಬೆನ್ನಿಗೇ ಅನುದಾನ ನಿಂತಿತು. "ಮುಂದಿನ ಆದೇಶದವರೆಗೆ" ಎಂಬ ಮಾತು ಆದೇಶದಲ್ಲಿತ್ತು. ಜನ ಗೂಡುಗಳಿಂದ ತಮ್ಮ ತಮ್ಮ ಸಾಮಾನು ತೆಗೆದುಕೊಂಡು, ಒಬ್ಬರಿಗೊಬ್ಬರು ಎಲ್ಲಿ ಸಿಗೋಣ ಎಂದು ಕೇಳಿಕೊಂಡು ಹೋದರು. ಯಾರಿಗೂ ಹೇಳಲು ಒಂದು ಸ್ಥಳ ಇರಲಿಲ್ಲ. ಕಂಡಕ್ಟರು ಫ್ರಿಜ್ಜಿನಲ್ಲಿದ್ದ ಔಷಧಗಳನ್ನು ಅವರವರ ಕೈಗೆ ಕೊಟ್ಟು, ತಂಪಾಗಿಟ್ಟುಕೊಳ್ಳಿ ಎಂದು ಹೇಳಿದರು. ಹೇಳಿದ ಮೇಲೆ ತಮಗೇ ನಾಚಿಕೆಯಾಯಿತು ಎಂದು ಆಮೇಲೆ ನನ್ನ ಬಳಿ ಹೇಳಿಕೊಂಡರು.

ಊಟವನ್ನು ನಾವು ನಿಲ್ಲಿಸಿಲ್ಲ ಎಂದು ನೀವು ಪತ್ರಿಕೆಗೆ ಹೇಳಿಕೆ ಕೊಟ್ಟಿರಿ. ನಿಜ. ಬೇಯಿಸಿದ ಊಟದ ಬದಲು "ತುರ್ತು ಆಹಾರ ಪೊಟ್ಟಣ" ಎಂದು ಹೊಸ ಯೋಜನೆ ಮಾಡಿದಿರಿ. ಗುಂಡಿಯಕ್ಕನೂ ಸಾಲಿನಲ್ಲಿ ನಿಂತು ಒಂದನ್ನು ತಂದರು. ಬಿಚ್ಚಿ ನೋಡಿದರೆ ಹಸಿ ಧಾನ್ಯ, ಹಸಿ ಬೇಳೆ, ಎಣ್ಣೆಯ ಒಂದು ಪುಟ್ಟ ಸೀಸೆ. ಮಾನ್ಯರೇ, ಮನೆಯಿಲ್ಲದವರಿಗೆ ಒಲೆ ಎಲ್ಲಿಂದ ಬರಬೇಕು? ಅಂಗೈ ಮೇಲೆ ಬೇಯಿಸಬೇಕೇ? ಪೊಟ್ಟಣದ ಹಿಂಬದಿಯಲ್ಲಿ, ಚೆನ್ನಾಗಿ ತೊಳೆದು ಮೆತ್ತಗೆ ಬೇಯಿಸಿ ಬಿಸಿಯಾಗಿ ಸೇವಿಸಿ ಎಂಬ ಸೂಚನೆ ಕೂಡ ಇತ್ತಂತೆ. ಗುಂಡಿಯಕ್ಕ ಅದನ್ನು ಚಹಾದಂಗಡಿಯವನಿಗೆ ಕೊಟ್ಟು ಎರಡು ದಿನ ಬ್ರೆಡ್ ತೆಗೆದುಕೊಂಡರು. ಅವನು ನ್ಯಾಯವಂತ. ಬೇರೆಯವನಾಗಿದ್ದರೆ ಒಂದೇ ದಿನಕ್ಕೆ ಮುಗಿಸುತ್ತಿದ್ದ.

ಆಮೇಲೆ ಅವರು ನಾನು ಹೇಳಿದ್ದನ್ನೇ ಮಾಡಿದರು. ಊಟ ಸಿಕ್ಕಿದ ದಿನ ಇಂಜೆಕ್ಷನ್ ತೆಗೆದುಕೊಂಡರು, ಸಿಗದ ದಿನ ಬಿಟ್ಟರು. ಬಿಟ್ಟ ದಿನಗಳೇ ಹೆಚ್ಚಾದವು. ತರಕಾರಿ ಮಾರುಕಟ್ಟೆಯ ಮಾಡಿನ ಕೆಳಗೆ ಮಲಗುತ್ತಿದ್ದರು. ಬಿಸಿಲಿಗೆ ಔಷಧವೂ ಕೆಟ್ಟಿತು. ಸವೆದ ಚಪ್ಪಲಿಯಿಂದ ಒಂದು ಮೊಳೆ ಎದ್ದು ಅಂಗಾಲಿಗೆ ಚುಚ್ಚುತ್ತಿದ್ದುದು ಅವರಿಗೆ ಗೊತ್ತೇ ಆಗಲಿಲ್ಲ. ಈ ಕಾಯಿಲೆಯವರಿಗೆ ಕಾಲಿನ ನೋವು ತಿಳಿಯುವುದಿಲ್ಲ. ವಾಸನೆ ಬಂದು ಪಕ್ಕದಲ್ಲಿ ಮಲಗುವವಳು ಹೇಳಿದ ಮೇಲೆ ನೋಡಿಕೊಂಡರಂತೆ. ನಮ್ಮ ವಾರ್ಡಿಗೆ ಬಂದಾಗ ಪಾದ ಕಪ್ಪಾಗಿತ್ತು. ನಾನು ಕೇಳುವ ಮೊದಲೇ ಅವರೇ ಹೇಳಿದರು: "ನೀವು ಹೇಳಿದ ಹಾಗೇ ಮಾಡಿದೀನಿ ಸಿಸ್ಟರ್. ಊಟ ಇಲ್ದೆ ಒಂದು ದಿನಾನೂ ಚುಚ್ಚಿಕೊಂಡಿಲ್ಲ." ಬೈಯಿಸಿಕೊಳ್ಳುತ್ತೇನೇನೋ ಎಂಬ ಹೆದರಿಕೆ ಅವರ ಮುಖದಲ್ಲಿತ್ತು. ಸರಿಯಾಗಿ ಮಾಡಿದಿರಿ ಅಕ್ಕ ಎಂದೆ.

ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ ಎಂದು ಸರ್ಜನ್ ಬಂದು ಹೇಳಿದರು. ಒಳ್ಳೆಯ ಮನುಷ್ಯ. ಹೇಳಲು ಬಹಳ ಕಷ್ಟಪಟ್ಟರು. ಗುಂಡಿಯಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಡಾಕ್ಟ್ರೇ, ನಿಮ್ಮ ಕೋಟಿನ ಗುಂಡಿ ಜೋತು ಬಿದ್ದಿದೆ. ಬಿಚ್ಚಿ ಕೊಡಿ" ಎಂದರು. ಸರ್ಜನ್ ನನ್ನ ಮುಖ ನೋಡಿದರು. ನಾನು ಕೊಡಿ ಎಂದು ಸನ್ನೆ ಮಾಡಿದೆ. ತಲೆದಿಂಬಿನ ಪಕ್ಕದ ಸಂಚಿಯಿಂದ ಸೂಜಿ ದಾರ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ದಾರ ಪೋಣಿಸಿ, ಆ ಗುಂಡಿಯನ್ನು ಬಿಗಿಯಾಗಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು ಕೋಟನ್ನು ವಾಪಸ್ಸು ಕೊಟ್ಟರು. ಅಷ್ಟು ಹೊತ್ತೂ ಸರ್ಜನ್ ಮಂಚದ ಪಕ್ಕದಲ್ಲೇ ನಿಂತಿದ್ದರು. ಮರುದಿನ ಕಾಲು ತೆಗೆದರು.

ಗಾಯ ಚೆನ್ನಾಗಿಯೇ ಮಾಗಿತು. ಮಾಗಿದರೆ ಮನೆಗೆ ಕಳಿಸುವುದು ಆಸ್ಪತ್ರೆಯ ಧರ್ಮ. ಹಾಸಿಗೆಗಾಗಿ ಕಾರಿಡಾರಿನಲ್ಲಿ ನೆಲದ ಮೇಲೆ ಮಲಗಿ ಕಾಯುವವರಿದ್ದಾರೆ, ಅವರ ನೋವೂ ನೋವೇ. ಹಾಗಾಗಿ ಡಿಸ್ಚಾರ್ಜ್ ಮಾಡಿದ ವೈದ್ಯರನ್ನು ನಾನು ದೂರುವುದಿಲ್ಲ. ಆದರೆ ಮನೆ ಎಂಬ ಪದಾರ್ಥವೇ ಇಲ್ಲದವರನ್ನು ಎಲ್ಲಿಗೆ ಕಳಿಸಬೇಕು? ಈ ಪ್ರಶ್ನೆ ಹಿಡಿದುಕೊಂಡು ನಾನು ನಿಮ್ಮ ಕಚೇರಿಗೆ ಬಂದೆ. ನಿಮಗೆ ನೆನಪಿರಬಹುದು. ಸಾರ್ವಜನಿಕರ ಅಹವಾಲು ಕೇಳುವ ದಿನ ಅದು. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದೆ. ನೀವು ಒರಟಾಗಿ ನಡೆದುಕೊಂಡಿರಿ ಎಂದು ನಾನು ಹೇಳುವುದಿಲ್ಲ. ಕೂರಲು ಹೇಳಿದಿರಿ, ನೀರು ತರಿಸಿದಿರಿ, ಫೋನು ಬಂದರೂ ತೆಗೆಯಲಿಲ್ಲ. ಬಜೆಟ್ಟಿನಲ್ಲಿ ಅವಕಾಶ ಇಲ್ಲ, ಮೇಲಿನವರಿಗೆ ಬರೆದಿದ್ದೇನೆ, ನನ್ನ ಕೈಯಲ್ಲಿ ಏನಿದೆ ಹೇಳಿ ಎಂದಿರಿ. ಆ ಹೊತ್ತು ನಿಮ್ಮ ಮುಖದಲ್ಲಿ ನಿಜವಾದ ಸುಸ್ತು ಇತ್ತು, ನನಗೆ ನಿಮ್ಮ ಮೇಲೆ ಕನಿಕರವೂ ಬಂತು. ಆಮೇಲೆ ನಗುತ್ತಾ ಹೇಳಿದಿರಿ: "ನೋಡಿ ಸಿಸ್ಟರ್, ನಿಮ್ಮ ಹಾಗೆ ಕಳಕಳಿ ಇರೋರು ಒಬ್ಬೊಬ್ಬರನ್ನ ಮನೆಗೆ ಕರ್ಕೊಂಡು ಹೋದ್ರೆ ಸಮಸ್ಯೇನೇ ಇರಲ್ಲ." ಪಕ್ಕದಲ್ಲಿ ನಿಂತಿದ್ದ ನಿಮ್ಮ ಆಪ್ತ ಸಹಾಯಕರೂ ನಕ್ಕರು.

ನೀವು ತಮಾಷೆಗೆ ಹೇಳಿದಿರಿ. ನಾನು ಗುಂಡಿಯಕ್ಕನನ್ನು ಮನೆಗೆ ಕರೆದುಕೊಂಡು ಹೋದೆ.

ನಮ್ಮದು ಎರಡು ಕೋಣೆಯ ಮನೆ, ಮೂರನೇ ಮಹಡಿ. ನನ್ನ ಯಜಮಾನರು, ಮಗ, ಸೊಸೆ, ಇನ್ನೂ ನಡೆಯಲು ಕಲಿಯುತ್ತಿರುವ ಮೊಮ್ಮಗಳು. ಯಜಮಾನರಿಗೆ ಉಬ್ಬಸ, ರಾತ್ರಿ ಪೂರ್ತಿ ಕೂತೇ ಇರುತ್ತಾರೆ. ಅವರು ಒಂದು ಮಾತೂ ಎದುರಾಡಲಿಲ್ಲ. ಬರಲಿ ಬಿಡು, ನನಗೂ ಮಾತಿಗೊಬ್ಬರು ಸಿಕ್ಕ ಹಾಗಾಯಿತು ಎಂದರು. ಸೊಸೆ ಅಡುಗೆಕೋಣೆ ಗುಡಿಸಿ ಹಾಸಿಗೆ ಹಾಸಿಕೊಟ್ಟಳು. ಒಂದು ವಾರ ನಮ್ಮ ಮನೆ ಹಬ್ಬದ ಮನೆಯ ಹಾಗಿತ್ತು ಎಂದರೂ ಸಲ್ಲುತ್ತದೆ. ಗುಂಡಿಯಕ್ಕ ಮಗನ ಅಂಗಿಗಳನ್ನೆಲ್ಲ ರಿಪೇರಿ ಮಾಡಿದರು. ಮೊಮ್ಮಗಳು ಅವರ ಊರುಗೋಲು ಹಿಡಿದುಕೊಂಡೇ ಎದ್ದು ನಿಲ್ಲಲು ಕಲಿತಳು. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ಊಟ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು, ಸಕ್ಕರೆ ಹತೋಟಿಗೆ ಬಂತು. ಆದರೆ ನಮ್ಮ ಮಹಡಿಗೆ ಶೌಚಾಲಯ ಇಲ್ಲ. ಕೆಳಗಿನ ಮಹಡಿಯಲ್ಲಿ, ಎರಡು ಮಹಡಿಯವರಿಗೆ ಸೇರಿ ಒಂದು. ಒಂದೇ ಕಾಲಿನ ಹೆಂಗಸು ಆ ಕಿರಿದಾದ ಮೆಟ್ಟಿಲನ್ನು ಕೂತುಕೊಂಡು ಒಂದೊಂದಾಗಿ ಇಳಿಯಬೇಕು, ಹಾಗೆಯೇ ಹಿಂದಕ್ಕೆ ಏರಬೇಕು. ಅಲ್ಲಿಯವರೆಗೆ ಮೇಲಿನವರು ಕೆಳಗೆ, ಕೆಳಗಿನವರು ಮೇಲೆ ನಿಂತು ದಾರಿಗಾಗಿ ಕಾಯಬೇಕು. ಯಾರೋ ಮನೆಯ ಮಾಲೀಕರಿಗೆ ಹೇಳಿದರು. ಮಾಲೀಕರು ಬಂದು, ಬಾಡಿಗೆಗೆ ಕೊಟ್ಟಿದ್ದು ಇಷ್ಟೇ ಜನಕ್ಕೆ ಎಂದು ಮೆಲುದನಿಯಲ್ಲಿ ಹೇಳಿ ಹೋದರು. ಸೊಸೆ ರಾತ್ರಿ ಮಗುವಿಗೆ ಹಾಲು ಕಾಯಿಸಲು ಅಡುಗೆಕೋಣೆಗೆ ಹೋಗುವುದಕ್ಕೆ ಹಿಂಜರಿಯತೊಡಗಿದಳು. ಮಗ ಊಟ ಹೊರಗೇ ಮುಗಿಸಿ ಬರತೊಡಗಿದ. ಯಾರೂ ಏನೂ ಆಡಲಿಲ್ಲ. ಯಾರೂ ಕೆಟ್ಟವರಲ್ಲ. ಗುಂಡಿಯಕ್ಕ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದರು. ಅದು ನನಗೆ ಗೊತ್ತಾಗಿ ಕೇಳಿದಾಗ, ಬಾಯಾರಿಕೆಯೇ ಇಲ್ಲ ಎಂದರು. ಮೆಟ್ಟಿಲು ಇಳಿಯುವುದನ್ನು ತಪ್ಪಿಸಿಕೊಳ್ಳಲು ಅವರು ಗಂಟಲನ್ನೇ ಒಣಗಿಸಿಕೊಂಡಿದ್ದರು.

ಒಂದು ಮಧ್ಯಾಹ್ನ ನಾನು ಡ್ಯೂಟಿಯಲ್ಲಿದ್ದೆ. ಕೆಳಗೆ ಹೋಗಿ ಬರ್ತೀನಮ್ಮ ಎಂದು ಸೊಸೆಗೆ ಹೇಳಿ ಹೊರಟರಂತೆ. ಅವರು ಹೋಗಿ ಬರಲು ಹೇಗೂ ಹೊತ್ತಾಗುತ್ತಿದ್ದುದರಿಂದ ಅವಳಿಗೆ ಅನುಮಾನ ಬರಲಿಲ್ಲ. ನಾನು ಮನೆಗೆ ಬಂದಾಗ ಹಾಸಿಗೆ ಮಡಿಸಿಟ್ಟಿತ್ತು, ಸಂಚಿ ಇರಲಿಲ್ಲ. ಫ್ರಿಜ್ಜು ತೆಗೆದು ನೋಡಿದೆ. ಇನ್ಸುಲಿನ್ ಅಲ್ಲೇ ಇತ್ತು. ಮರೆತು ಹೋಗಿದ್ದಾರೆ ಎಂದು ಯಜಮಾನರು ಅಂದರು. ಗುಂಡಿಯಕ್ಕ ಮರೆಯುವವರಲ್ಲ. ಹೊರಗೆ ಊಟ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಊಟ ಇಲ್ಲದ ಮೇಲೆ ಇಂಜೆಕ್ಷನ್ ಯಾಕೆ?

ನಾನು, ಕಂಡಕ್ಟರು ಇಬ್ಬರೂ ಹಲವು ದಿನ ಹುಡುಕಿದೆವು. ಮಾರುಕಟ್ಟೆಯ ಮಾಡಿನ ಕೆಳಗೆ, ಉದ್ಯಾನದ ಬೆಂಚುಗಳ ಮೇಲೆ, ರೈಲು ನಿಲ್ದಾಣದಲ್ಲಿ, ಹಳೆಯ ಕಾರ್ಖಾನೆಯ ಜಾಗದಲ್ಲಿ ಎದ್ದಿರುವ ಹೊಸ ಕಟ್ಟಡದ ಸುತ್ತ. ಕೊನೆಗೆ ಕಂಡಕ್ಟರಿಗೇ ಅವರು ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರ ಕೊಠಡಿಯಲ್ಲಿ ಸಿಕ್ಕಿದರು. ಕೈಯಲ್ಲಿ ಸಂಚಿ ಹಿಡಿದು ಯಾವುದೋ ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರಂತೆ. ಬಸ್ಸಿಗೆ ಕಾಯುವವರನ್ನು ಯಾರೂ ಎಬ್ಬಿಸುವುದಿಲ್ಲವಲ್ಲ. ಉಸಿರು ಜೋರಾಗಿತ್ತು, ಮಾತು ತೊದಲುತ್ತಿತ್ತು. ಯಾಕಕ್ಕ ಹೀಗೆ ಮಾಡಿದಿರಿ, ಸಿಸ್ಟರ್ ಮನೆಯವರು ಏನಾದರೂ ಅಂದರೇ ಎಂದು ಕಂಡಕ್ಟರು ಕೇಳಿದರು. "ಇಲ್ಲಪ್ಪ, ಒಬ್ಬರೂ ಏನೂ ಅನ್ಲಿಲ್ಲ" ಎಂದರಂತೆ ಗುಂಡಿಯಕ್ಕ. "ಎಲ್ಲರೂ ಮೆಲ್ಲಗೆ ಮಾತಾಡೋಕೆ ಶುರು ಮಾಡಿದ್ರು. ಅವರ ಮನೇಲಿ ಅವರೇ ಮೆಲ್ಲಗೆ ಮಾತಾಡ್ಬೇಕಾ?"

ಆಸ್ಪತ್ರೆಗೆ ತಂದಾಗ ಪ್ರಜ್ಞೆ ತಪ್ಪಿತ್ತು. ಡ್ರಿಪ್ ಹಾಕಿದೆವು, ಇನ್ಸುಲಿನ್ ಕೊಟ್ಟೆವು, ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಮೈ ಸ್ಪಂದಿಸಲಿಲ್ಲ. ಎರಡನೆಯ ದಿನ ಬೆಳಿಗ್ಗೆ, ವಾರ್ಡಿನಲ್ಲಿ ಚಹಾ ಕೊಡುವ ಹೊತ್ತಿಗೆ ಹೋದರು. ಅವರ ಕಣ್ಣು ಮುಚ್ಚಿಸಿದವಳು ನಾನೇ.

ಈಗ ನಿಮ್ಮ ವಿಭಾಗದ ದಕ್ಷತೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಗುಂಡಿಯಕ್ಕನ ತಮ್ಮನ ಫೋನು ಸಿಗಲಿಲ್ಲ. ರಕ್ತಸಂಬಂಧಿಗಳು ಬಾರದಿದ್ದರೆ ಶವವನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ, ಅದು ಸರ್ಕಾರದ್ದು ಎಂದು ಶವಾಗಾರದವರು ಹೇಳಿದರು. ನಾವು ನಿಮ್ಮ ವಿಭಾಗಕ್ಕೆ ಫೋನು ಮಾಡಿದೆವು. ವಾರಸುದಾರರಿಗಾಗಿ ಕಾಯುವ ಅವಧಿ ಮುಗಿದ ದಿನ ಬೆಳಿಗ್ಗೆ ಅಂತ್ಯಕ್ರಿಯೆಗೆಂದು ಕೇಳಿದ್ದಕ್ಕೆ ಮಧ್ಯಾಹ್ನವೇ ಮಂಜೂರಾತಿ ಬಂತು. ಅವಕಾಶ ಇಲ್ಲ ಎನ್ನಲಿಲ್ಲ. ಮೇಲಿನವರಿಗೆ ಬರೆಯಬೇಕು ಎನ್ನಲಿಲ್ಲ. ಹೊಸ ಬಟ್ಟೆ ಬಂತು, ವಾಹನ ಹೇಳಿದ ಹೊತ್ತಿಗೆ ಬಂತು, ಇಬ್ಬರು ಕೆಲಸದವರು ಬಂದು ಬಹಳ ಗೌರವದಿಂದ ಎತ್ತಿಕೊಂಡರು. ವಾರಸುದಾರರಿಲ್ಲದ ಶವಗಳಿಗೆ ನಿಮ್ಮಲ್ಲಿ ಪ್ರತ್ಯೇಕ ನಿಧಿಯೇ ಇದೆಯಂತೆ. ಅದು ಎಂದೂ ಖಾಲಿಯಾಗುವುದಿಲ್ಲವಂತೆ. ಹೆಣವಾದ ಮೇಲೆ ಮನುಷ್ಯರಿಗೆ ಇಷ್ಟು ಮರ್ಯಾದೆ ಕೊಡಬಲ್ಲ ವಿಭಾಗಕ್ಕೆ, ಅವರು ಉಸಿರಾಡುತ್ತಿರುವಾಗ ಏನಾಗುತ್ತದೆ? ಉಸಿರಾಡುವವರು ವಾದ ಮಾಡುತ್ತಾರೆ, ಮತ್ತೆ ನಾಳೆ ಹಸಿಯುತ್ತಾರೆ ಎಂಬುದೇ ಅವರ ತಪ್ಪೇ?

ಹಣವಿಲ್ಲ ಎನ್ನುತ್ತೀರಿ. ಒಂದು ಆಪರೇಷನ್ನು, ಅದರ ಹಿಂದಿನ ಮುಂದಿನ ವಾರಗಳ ಹಾಸಿಗೆ, ಔಷಧ, ಊರುಗೋಲು, ಮತ್ತೆ ತುರ್ತು ಚಿಕಿತ್ಸೆ, ಕೊನೆಗೆ ವಾಹನ ಮತ್ತು ಬಟ್ಟೆ, ಇವೆಲ್ಲ ಯಾರ ಹಣ? ಅದೂ ಸರ್ಕಾರದ್ದೇ. ಸಂಜೆಯ ಒಂದು ತಟ್ಟೆ ಊಟ ಉಳಿಸಿ ಇಷ್ಟನ್ನೆಲ್ಲ ಖರ್ಚು ಮಾಡುವುದಕ್ಕೆ ಮಿತವ್ಯಯ ಎಂದು ಹೆಸರಿಟ್ಟವರು ಯಾರು? ಉಚಿತ ಊಟ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದೂ ನಿಮ್ಮಲ್ಲಿ ಕೆಲವರು ಅನ್ನುತ್ತಾರೆ. ಅಂಚೆಮನೆಯಲ್ಲಿ ಮಲಗುತ್ತಿದ್ದವರು ಗಾರೆ ಕೆಲಸದವರು, ಮನೆಗೆಲಸದವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಕಾಯಿಲೆಯವರು, ಮುದುಕರು. ಕಾಲು ಕತ್ತರಿಸುತ್ತೇವೆ ಎಂದಾಗ ಸೂಜಿ ಕೈಗೆತ್ತಿಕೊಂಡ ಹೆಂಗಸು ಸೋಮಾರಿಯೇ? ಇನ್ನು, ದಾನಿಗಳು ಮುಂದೆ ಬರಲಿ, ಸಂಘಸಂಸ್ಥೆಗಳು ಕೈಜೋಡಿಸಲಿ ಎಂಬ ಮಾತು. ಬಂದೇ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುವ ದಿನ. ಹಸಿವು ದಿನವೂ ಬರುತ್ತದೆ. ದಿನವೂ ಬರುವುದನ್ನು ಎದುರಿಸಲು ದಿನವೂ ಇರುವ ಒಂದು ವ್ಯವಸ್ಥೆ ಬೇಕು. ಜನ ಸರ್ಕಾರ ಎಂಬುದನ್ನು ಇಟ್ಟುಕೊಂಡಿರುವುದು ಅದಕ್ಕೇ ಎಂದು ನಾನು ತಿಳಿದಿದ್ದೆ. ನನ್ನ ಒಂದು ಮನೆ ಒಬ್ಬರನ್ನು ಒಂದು ತಿಂಗಳು ಕೂಡ ಹೊರಲಾರದೆ ಹೋಯಿತು. ನಾವು ಕಲ್ಲೆದೆಯವರಾಗಿದ್ದರಿಂದ ಹಾಗಾಗಲಿಲ್ಲ. ಮನೆ ಚಿಕ್ಕದಾಗಿತ್ತು, ಅಷ್ಟೇ. ನಿಮ್ಮ ಬಳಿ ಖಾಲಿ ಕಟ್ಟಡ ಇದೆ.

ಆದ್ದರಿಂದ ಕೇಳುತ್ತಿದ್ದೇನೆ. ಅಂಚೆಮನೆಯ ಬೀಗ ತೆಗೆಸಿ. ಅದಕ್ಕೆ ವರ್ಷವಿಡೀ ನಿಲ್ಲದ ಅನುದಾನವನ್ನು ಬಜೆಟ್ಟಿನಲ್ಲೇ ಸೇರಿಸಿ, ಯಾರದೋ ಮರ್ಜಿಗೆ ಬಿಡಬೇಡಿ. ಸಂಜೆ ಬೇಯಿಸಿದ ಬಿಸಿ ಊಟ ಕೊಡಿ. ಹಸಿ ಧಾನ್ಯವನ್ನು ಒಲೆ ಇರುವವರಿಗೆ ಕೊಡಿ. ಆಸ್ಪತ್ರೆಯಿಂದ ಹೊರಗೆ ಬಂದು ಹೋಗಲು ಜಾಗವಿಲ್ಲದವರಿಗೆ ಹಗಲಿನಲ್ಲೂ ಮಲಗಲು ಕೆಲವು ಹಾಸಿಗೆ ಮೀಸಲಿಡಿ. ಕಾಲಿಲ್ಲದವರನ್ನು ಬೆಳಿಗ್ಗೆ ಹೊರಗೆ ಹೋಗು ಎಂದು ಕಳಿಸಬೇಡಿ. ಔಷಧ ಇಡಲು ಬಾಗಿಲು ಸರಿಯಾಗಿ ಮುಚ್ಚುವ ಒಂದು ಫ್ರಿಜ್ಜು ಕೊಡಿ. ತಪಾಸಣೆಗೆ ಖಂಡಿತ ಬನ್ನಿ, ಸಂಜೆ ಬನ್ನಿ, ನೀವೇ ಬನ್ನಿ.

ಇದೆಲ್ಲ ಆಗುತ್ತದೆ ಎಂಬ ನಂಬಿಕೆ ನನಗಿಲ್ಲ. ಈ ಪತ್ರವನ್ನು ಬಹುಶಃ ನಿಮ್ಮ ಆಪ್ತ ಸಹಾಯಕರು ಕತ್ತರಿಸಿ ಕಡತಕ್ಕೆ ಸೇರಿಸುತ್ತಾರೆ, "ಪರಿಶೀಲನೆಯಲ್ಲಿದೆ" ಎಂದು ಒಂದು ಹೇಳಿಕೆ ಬರುತ್ತದೆ, ಆಮೇಲೆ ಮಳೆಗಾಲ ಬರುತ್ತದೆ. ಹಾಗಾದರೆ ಯಾಕೆ ಬರೆದೆ ಎಂದು ನನ್ನ ಯಜಮಾನರೂ ಕೇಳಿದರು. ಈ ವಾರ ನಮ್ಮ ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿ ಬಣ್ಣ ಬಳಿಯುವ ಕೆಲಸದ ಒಬ್ಬರಿದ್ದಾರೆ. ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಕೆಲಸ ನಡೆಯುತ್ತಿದ್ದ ಮನೆಯಲ್ಲೇ ಮಲಗುತ್ತಿದ್ದವರು, ಕೆಲಸ ಮುಗಿದರೆ ಮುಂದಿನ ಮನೆ. ತಾನು ಬಣ್ಣ ಬಳಿದ ಮನೆಗಳನ್ನೆಲ್ಲ ಒಂದೆಡೆ ಸೇರಿಸಿದರೆ ಒಂದು ಊರೇ ಆಗುತ್ತದೆ ಎಂದು ಹೇಳಿ ವಾರ್ಡನ್ನು ನಗಿಸುತ್ತಾರೆ. ಈಗ ಗೋಡೆ ಹಿಡಿದು ನಡೆಯುತ್ತಾರೆ. ಗುರುವಾರ ಅವರ ಡಿಸ್ಚಾರ್ಜ್. ನಿನ್ನೆ ಡ್ರೆಸ್ಸಿಂಗ್ ಮಾಡುವಾಗ ಮೆಲ್ಲಗೆ ಕೇಳಿದರು: "ಸಿಸ್ಟರ್, ಅಂಚೆಮನೆ ಅಂತ ಒಂದಿದೆಯಂತಲ್ಲ. ನನ್ನಂಥೋರ್ನ ಸೇರಿಸ್ಕೋತಾರಾ?"

ನಾನು ಕೇಳಿಸದವಳ ಹಾಗೆ ಪಟ್ಟಿ ಸುತ್ತುತ್ತಾ ಇದ್ದೆ. ಗುರುವಾರ ಬೆಳಿಗ್ಗೆ ಅವರಿಗೆ ಉತ್ತರ ಹೇಳಬೇಕು. ಆ ಉತ್ತರವನ್ನು ನೀವೇ ಬಂದು ಹೇಳಿ, ಮಾನ್ಯರೇ. ನನ್ನ ಕೈಲಿ ಆಗುವುದಿಲ್ಲ.

ಇಂತಿ ಎಂದು ಮುಗಿಸಲು ಇಲ್ಲಿ ಏನೂ ಮುಗಿದಿಲ್ಲ, ಆದರೂ ಇಂತಿ,

ಗುಣವಾದವರನ್ನು ಬೀದಿಯವರೆಗೆ ಬಿಟ್ಟು ಬರಲು ಸಂಬಳ ಪಡೆಯುವ
ಒಬ್ಬ ನರ್ಸ್